ಹಳೆ ಡೆಸ್ಕ್‌ಟಾಪಿಗೆ ಕ್ರೂಶಿಯಲ್ ಬಿಎಕ್ಸ್500 240 ಜಿಬಿ ಎಸ್‌ಎಸ್‌ಡಿ: ಹಾಕಬಹುದು, ಆದರೆ ಮೊದಲು ಇಷ್ಟು ನೋಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಎಚ್61 ಎಂಬ ಹಳೆ ಇಂಟೆಲ್ ಚಿಪ್‌ಸೆಟ್‌ನ ಮದರ್‌ಬೋರ್ಡಿರುವ ಡೆಸ್ಕ್‌ಟಾಪುಗಳು ಇನ್ನೂ ಓಡುತ್ತಿವೆ. ಥರ್ಡ್ ಜನರೇಶನ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅಡಿಕೆ ಲೆಕ್ಕಕ್ಕೆ, ಮಕ್ಕಳ ಪ್ರಾಜೆಕ್ಟಿಗೆ, ಭಜನಾ ಮಂದಿರದ ಆಮಂತ್ರಣಕ್ಕೆ ಅಷ್ಟೇ ಸಾಕು. ಆನ್ ಆಗುವಾಗ ಮಾತ್ರ ಪ್ರಾಣ ತಿನ್ನುತ್ತವೆ. ಅಂಥ ಯಂತ್ರಕ್ಕೆ ಈ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್ಪುಗಳಲ್ಲಿ ಮಾಹಿತಿ ಇಡುವ ಡ್ರೈವ್) ಒಳ್ಳೆಯ ಖರೀದಿ, ನಿಧಾನಕ್ಕೆ ಕಾರಣ ಡಿಸ್ಕೇ ಆಗಿದ್ದರೆ.

ಅದನ್ನು ತಿಳಿಯುವುದು ಸುಲಭ. ಕಂಪನಿಯ ಲೋಗೋ ಅಥವಾ ಕಪ್ಪು ಪರದೆಯಲ್ಲೇ ತುಂಬ ಹೊತ್ತು ನಿಂತರೆ ಅದಿನ್ನೂ ವಿಂಡೋಸ್‌ಗೆ ತಲುಪಿಯೇ ಇಲ್ಲ. ಸಿಕ್ಕಿಸಿಟ್ಟ ಪೆನ್‌ಡ್ರೈವ್, ಕೆಟ್ಟ ಡಿವಿಡಿ ಡ್ರೈವ್, ಸಡಿಲವಾದ ಸಾಟಾ ಕೇಬಲ್ (ಡಿಸ್ಕನ್ನು ಬೋರ್ಡಿಗೆ ಜೋಡಿಸುವುದು), ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡಿನದೇ ಸೆಟ್ಟಿಂಗ್ ತಂತ್ರಾಂಶ) ಆನ್ ಇರುವ ನೆಟ್‌ವರ್ಕ್ ಬೂಟ್, ಇವನ್ನು ಮೊದಲು ನೋಡಿ. ಡೆಸ್ಕ್‌ಟಾಪ್ ಬಂದ ಮೇಲೆ ಏನೂ ತೆರೆಯದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಕಾಲಮ್ಮು ನಿಮಿಷಗಟ್ಟಲೆ 100%ರಲ್ಲೇ ಇದ್ದು ಸಿಪಿಯು ಆರಾಮವಾಗಿದ್ದರೆ ಡಿಸ್ಕೇ ಕಾರಣ. ಸ್ಟಾರ್ಟಪ್ ಟ್ಯಾಬಿನಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿಯೂ ಹಾಗೇ ಇದ್ದರೆ ದುಡ್ಡು ಬಿಚ್ಚಬಹುದು. ರ‍್ಯಾಮ್ 2 ಜಿಬಿ ಮಾತ್ರ ಇದ್ದರೆ ಮೊದಲು ಅದನ್ನು ಹೆಚ್ಚಿಸಿ. ಸ್ಲಾಟ್ ಬಿಚ್ಚಿದ ಹೊತ್ತಿಗೇ ರ‍್ಯಾಮಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ನಮ್ಮ ಮಳೆಗಾಲದ ತೇವಕ್ಕೆ ಅಲ್ಲಿ ಕಿಲುಬು ಕೂರುತ್ತದೆ.

7200 ಆರ್‌ಪಿಎಮ್ ಹಾರ್ಡ್ ಡಿಸ್ಕಿನ ತಟ್ಟೆ ಒಂದು ಸುತ್ತು ಬರಲು 8.3 ಮಿಲಿಸೆಕೆಂಡ್ ಬೇಕು. ಹೆಡ್ ಸರಿದು ಸರಿಯಾದ ಜಾಗ ಹಿಡಿಯುವ ಹೊತ್ತನ್ನೂ ಸೇರಿಸಿದರೆ, ಚೆಲ್ಲಾಪಿಲ್ಲಿಯಾದ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರು ಸಲ ಓದುವುದೂ ಅದಕ್ಕೆ ಕಷ್ಟ. ವಿಂಡೋಸ್ ಏಳುವಾಗ ಕೇಳುವುದು ಅಂಥ ಫೈಲುಗಳನ್ನೇ, ಸಾವಿರಗಟ್ಟಲೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಈ ಕಾಯುವಿಕೆ ತಪ್ಪುತ್ತದೆ. ಪೊಟ್ಟಣದ ಮೇಲಿನ ಸೆಕೆಂಡಿಗೆ 540 ಎಂಬಿ ವೇಗ ಎಚ್61ರಲ್ಲಿ ಸಿಗದು. ಅದರ ಸಾಟಾ ಪೋರ್ಟುಗಳು ಸೆಕೆಂಡಿಗೆ 3 ಗಿಗಾಬಿಟ್‌ನವು, ಅರ್ಧದಷ್ಟು ಸಿಕ್ಕೀತು. ಅದಕ್ಕಾಗಿ ಹೆಚ್ಚು ಬೆಲೆಯ ಡ್ರೈವ್ ಕೊಳ್ಳುವುದು ವ್ಯರ್ಥ. 540ಕ್ಕೂ ಅದರ ಅರ್ಧಕ್ಕೂ ಆನ್ ಆಗುವ ಹೊತ್ತಿನಲ್ಲಿ ವ್ಯತ್ಯಾಸ ಗೊತ್ತೇ ಆಗದು.

ಡ್ರೈವಿನ ಹೊರಕವಚ ಪ್ಲಾಸ್ಟಿಕ್, ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯಷ್ಟು ಹಗುರ. ಕೇಬಲ್, ಸ್ಕ್ರೂ, ಬ್ರಾಕೆಟ್ ಯಾವುದೂ ಜೊತೆಗೆ ಬರುವುದಿಲ್ಲ, ಸಾಟಾ ಡೇಟಾ ಕೇಬಲ್ ಬೇರೆಯೇ ತನ್ನಿ. ಹಾರ್ಡ್ ಡಿಸ್ಕಿನ ದಪ್ಪ ಸ್ಕ್ರೂವನ್ನು ಇದಕ್ಕೆ ತಿರುಗಿಸಬೇಡಿ, ತೂತು ಹಾಳಾಗುತ್ತದೆ. ಬೇಕಾದದ್ದು ಎಂ3 ಸ್ಕ್ರೂ. 240 ಜಿಬಿ ವಿಂಡೋಸ್‌ನಲ್ಲಿ 223 ಎಂದು ತೋರುತ್ತದೆ, ಅದು ಮೋಸವಲ್ಲ, ಲೆಕ್ಕದ ರೀತಿ ಬೇರೆ. ಇದರಲ್ಲಿ ಡಿರ‍್ಯಾಮ್, ಅಂದರೆ ಡ್ರೈವಿನದೇ ತಾತ್ಕಾಲಿಕ ಸ್ಮೃತಿ, ಇಲ್ಲ. ಮದುವೆ ವಿಡಿಯೋದಂಥ ದೊಡ್ಡ ಫೈಲುಗಳನ್ನು ಒಂದೇ ಸಮನೆ ತುಂಬಿಸಿದರೆ ಬರೆಯುವ ವೇಗ ಕುಸಿಯುತ್ತದೆ. ಮನೆಬಳಕೆಗೆ ಅದು ದೊಡ್ಡ ಕೊರತೆಯಲ್ಲ. ವಾರಂಟಿ 3 ವರ್ಷ ಅಥವಾ 80 ಟಿಬಿ ಬರೆಯುವವರೆಗೆ. ದಿನಕ್ಕೆ 20 ಜಿಬಿ ಬರೆದರೂ ಆ 80 ಟಿಬಿ ಮುಗಿಯಲು ಹತ್ತು ವರ್ಷ ದಾಟುತ್ತದೆ.

ತೊಂದರೆ ಬರುವುದು ವಿಂಡೋಸ್ ಸಾಗಿಸುವಾಗ. ಕ್ಲೋನ್ ಮಾಡುವ, ಅಂದರೆ ಹಳೆ ಡಿಸ್ಕಿನದ್ದನ್ನೆಲ್ಲ ಹಾಗೇ ಹೊಸದಕ್ಕೆ ನಕಲಿಸುವ, ಮೊದಲು ಹಳೆ ಡಿಸ್ಕನ್ನು ಅದರ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ನೋಡಿ. ಅದು ‘ಕಾಶನ್’ (ಎಚ್ಚರಿಕೆ) ಎಂದರೆ ಫೋಟೋ, ದಾಖಲೆಗಳನ್ನು ಬೇರೆಡೆಗೆ ನಕಲು ಮಾಡಿ, ಹೊಸದಾಗಿಯೇ ವಿಂಡೋಸ್ ಹಾಕಿ. ಆಗ ನುಡಿ, ಬರಹ ತಂತ್ರಾಂಶಗಳ ಫಾಂಟುಗಳನ್ನೂ ಎತ್ತಿಟ್ಟುಕೊಳ್ಳಲೇಬೇಕು, ಇಲ್ಲವಾದರೆ ಹಳೆಯ ಕನ್ನಡ ಕಡತಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆಯುತ್ತವೆ. ಡಿಸ್ಕ್ ಚೆನ್ನಾಗಿದ್ದರೆ ಕ್ರೂಶಿಯಲ್ ಕೊಡುವ ಅಕ್ರೋನಿಸ್ ತಂತ್ರಾಂಶದಿಂದ ಕ್ಲೋನ್ ಮಾಡಿ. ‘ಸಿಸ್ಟಮ್ ರಿಸರ್ವ್ಡ್’ ಎಂಬ ಪುಟ್ಟ ಪಾರ್ಟಿಶನ್ ಬಿಟ್ಟುಹೋಗಬಾರದು, ಬಿಟ್ಟರೆ ಹೊಸ ಡ್ರೈವ್ ಬೂಟ್ ಆಗದು. ಮೊದಲ ಸಲ ಆನ್ ಮಾಡುವಾಗ ಹಳೆ ಡಿಸ್ಕಿನ ಕೇಬಲ್ ಕಳಚಿರಲಿ.

ಬಯಾಸ್‌ನಲ್ಲಿ ಸಾಟಾ ಮೋಡ್ ಐಡಿಇ (ಡಿಸ್ಕಿನೊಡನೆ ಮಾತಾಡುವ ಹಳೆ ವಿಧಾನ) ಎಂದಿದ್ದರೆ ಎಎಚ್‌ಸಿಐ (ಹೊಸ ವಿಧಾನ) ಮಾಡುವುದು ಒಳ್ಳೆಯದು. ನೇರವಾಗಿ ಬದಲಿಸಿದರೆ ನೀಲಿ ಪರದೆ ಗ್ಯಾರಂಟಿ. ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಎಂಬ ಸೆಟ್ಟಿಂಗ್ ಕಿಟಕಿಯಲ್ಲಿ ಸೇಫ್ ಬೂಟ್ ಟಿಕ್ ಮಾಡಿ ರೀಸ್ಟಾರ್ಟ್ ಕೊಡಿ, ಬಯಾಸ್‌ಗೆ ಹೋಗಿ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಟಿಕ್ ತೆಗೆಯಿರಿ. ಇದರ ಜೊತೆಗೇ ಬಯಾಸ್ ಸೆಟ್ಟಿಂಗ್ ನೆನಪಿಡುವ, ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ ಕೂಡ ಬದಲಾಯಿಸಿ. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಡುವ ಮನೆಗಳಲ್ಲಿ, ಸತ್ತ ಸೆಲ್ ಇದ್ದರೆ ಸೆಟ್ಟಿಂಗ್ ಮತ್ತೆ ಐಡಿಇಗೆ ಮರಳುತ್ತದೆ, ನೀಲಿ ಪರದೆಯೂ ಮರಳುತ್ತದೆ. ಜನ ಆಗ ಎಸ್‌ಎಸ್‌ಡಿಯನ್ನೇ ದೂರುತ್ತಾರೆ. ಕರೆಂಟು ಹಠಾತ್ತನೆ ಹೋಗುವ ಕಡೆ ಯುಪಿಎಸ್ ಬ್ಯಾಟರಿಯೂ ಜೀವಂತ ಇರಲಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಈ ಬೋರ್ಡಿಗೆ ಅಧಿಕೃತವಾಗಿ ಸಲ್ಲದು. ವಿಂಡೋಸ್ ಬದಲು ಉಚಿತ ಲಿನಕ್ಸ್ ಮಿಂಟ್ ಹಾಕಿದರೆ ಕನ್ನಡ ಟೈಪಿಂಗಿಗೆ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ. ಹಳೆ ಹಾರ್ಡ್ ಡಿಸ್ಕನ್ನು ಕೂಡಲೇ ಫಾರ್ಮ್ಯಾಟ್ ಮಾಡಬೇಡಿ. ಒಂದೆರಡು ವಾರ ಹೊಸ ಡ್ರೈವ್ ಸರಿಯಾಗಿ ಓಡಿದ ಮೇಲೆ ಅದನ್ನು ಜೋಡಿಸಿ ಫೋಟೋ, ವಿಡಿಯೋ ಇಡಲು ಬಳಸಿ, ಬೂಟ್ ಕ್ರಮದಲ್ಲಿ ಎಸ್‌ಎಸ್‌ಡಿ ಮೊದಲು ಇರಲಿ.