ಆರು ವಾರದ ಸ್ಟುಡಿಯೋ, ಒಂದು ಸಂಜೆಯ ಪ್ರದರ್ಶನ

ಹೊಸ ಕೃತಿ ರಚಿಸಿ ಅಲ್ಲಿಯೇ ಪ್ರದರ್ಶಿಸಲು ಅವಕಾಶ ನೀಡುವ, ಕಲಾವಿದರ ವಸತಿ ಕಾರ್ಯಕ್ರಮವೊಂದರಲ್ಲಿ ನಾನು ಆರು ವಾರ ಕಳೆದೆ. ಉತ್ತರ ದಿಕ್ಕಿನ ಬೆಳಕು ತುಂಬುವ ಎತ್ತರದ ಕಿಟಕಿ, ಬಣ್ಣ ಚೆಲ್ಲಿದರೂ ಯಾರೂ ಗೊಣಗದ ನೆಲ, ರಾತ್ರಿಯಿಡೀ ತೆರೆದಿರುವ ಕಾರ್ಯಾಗಾರ: ಇವುಗಳ ಬಗ್ಗೆ ದೂರುವಂಥದ್ದೇನೂ ಇಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1907ರಲ್ಲಿ ಆರಂಭವಾದ ಮ್ಯಾಕ್‌ಡೊವೆಲ್ ಎಂಬ ಕಲಾವಿದರ ವಸತಿ ಕೇಂದ್ರದಲ್ಲಿ, ಕೆಲಸದಲ್ಲಿ ಮುಳುಗಿದವರ ಏಕಾಗ್ರತೆಗೆ ಭಂಗ ಬಾರದಿರಲೆಂದು ಮಧ್ಯಾಹ್ನದ ಊಟದ ಬುಟ್ಟಿಯನ್ನು ಸ್ಟುಡಿಯೋ ಬಾಗಿಲಲ್ಲಿಟ್ಟು ಹೋಗುವ ಪದ್ಧತಿ ಪ್ರಸಿದ್ಧ. ನಾನಿದ್ದಲ್ಲಿ ಬುಟ್ಟಿಯ ಬದಲು ವಾರಕ್ಕೆ ಮೂರು ಸಭೆಗಳು ಬಂದವು. ಪ್ರದರ್ಶನದ ದಿನಾಂಕ ಮೊದಲೇ ನಿಗದಿಯಾಗಿದ್ದರಿಂದ, ಐದನೆಯ ವಾರದಲ್ಲಿ ಹೊಳೆದ ಉತ್ತಮ ದಾರಿಯನ್ನು ಕೈಬಿಟ್ಟು, ಅದಾಗಲೇ ಒಣಗಿದ್ದ ಚಿತ್ರಗಳನ್ನೇ ತೂಗುಹಾಕಬೇಕಾಯಿತು. ಚೌಕಟ್ಟು ಮತ್ತು ಸಾಗಣೆಯ ಖರ್ಚು ಯಾರದೆಂದು ಒಪ್ಪಂದದಲ್ಲಿ ಬರೆದಿರಲಿಲ್ಲ. ಕೊನೆಗೆ ಎರಡೂ ನನ್ನ ತಲೆಯ ಮೇಲೆಯೇ ಬಂದವು.