ಭಾರದ ಸವಾರನಿಗೆ ಎಲ್ಕ್ ಬೇಟೆ: ಕೊಲೊರಾಡೊ, ಮೊಂಟಾನಾ, ವಯೋಮಿಂಗ್ ಮೂರು ಕಡೆಯ ಔಟ್‌ಫಿಟರ್‌ಗಳ ಹೋಲಿಕೆ

ಕುದುರೆ ಮೇಲೆ ಕೂರಿಸಿಕೊಂಡು ಹೋಗಿ ಎಲ್ಕ್ (ಅಲ್ಲಿನ ದೊಡ್ಡ ಜಾತಿಯ ಜಿಂಕೆ) ಬೇಟೆ ಆಡಿಸುವ ಔಟ್‌ಫಿಟರ್‌ಗಳು ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಬೇಕಾದಷ್ಟಿದ್ದಾರೆ. ಆದರೆ ನಿಮ್ಮ ತೂಕ 250 ಪೌಂಡ್ ದಾಟಿತು ಅಂದರೆ ಆ ಪಟ್ಟಿ ಬೇಗ ಚಿಕ್ಕದಾಗುತ್ತದೆ. ಬಹಳ ಕಡೆ ಮಿತಿ ಅದರ ಆಸುಪಾಸಿನಲ್ಲೇ ಇರುತ್ತದೆ. ಇನ್ನು ಕೆಲವರು ಮಿತಿ ಅಂತ ಏನೂ ಹೇಳುವುದಿಲ್ಲ, ಫೋನ್ ಮಾಡಿದರೆ "ಬನ್ನಿ, ನೋಡೋಣ" ಅನ್ನುತ್ತಾರೆ. ಬೇಡ ಅನ್ನುವವರಿಗಿಂತ ಈ "ನೋಡೋಣ" ಅನ್ನುವವರ ಬಗ್ಗೆಯೇ ಜಾಸ್ತಿ ಹುಷಾರಾಗಿರಬೇಕು. ಅಲ್ಲಿ ಹೋದ ಮೇಲೆ ತೊಂದರೆ ಪಡುವುದು ನೀವೊಬ್ಬರೇ ಅಲ್ಲ, ಕುದುರೆಯೂ ಕೂಡ.

ನಾನು ಆರಡಿ ಎರಡಿಂಚು, 122 ಕೆಜಿ. ಅಂದರೆ ಸುಮಾರು 270 ಪೌಂಡ್. ಊರು ಕೊಡಗು, ಈಗ ಇರುವುದು ಡೆನ್ವರ್‌ನಲ್ಲಿ. ಮನೆಯಲ್ಲಿ ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ ನೋಡಿಕೊಂಡು ಬೆಳೆದವನು ನಾನು. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮ ಕಡೆ ಬೇಟೆ ಹಿರಿಯರ ಮಾತಿನಲ್ಲಷ್ಟೇ ಉಳಿದಿತ್ತು. ಇಲ್ಲಿ ಲೈಸೆನ್ಸ್ ತೆಗೆದುಕೊಂಡು, ಲೆಕ್ಕ ಇಟ್ಟು, ಕಾನೂನಿನ ಪ್ರಕಾರ ಬೇಟೆ ಆಡಬಹುದು ಅಂತ ಗೊತ್ತಾದಾಗಿನಿಂದ ಇದರ ಮೇಲೆ ನನಗೆ ತುಂಬ ಪ್ರೀತಿ. (ಎಚ್-1ಬಿ ವೀಸಾದಲ್ಲಿ ಇರುವವರಿಗೆ ಒಂದು ಮಾತು: ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದೆ ಕೋವಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿಗೆ ವಿರುದ್ಧ. ಮೊದಲು ಅದನ್ನು ಸರಿಮಾಡಿಕೊಳ್ಳಿ.)

ಕುದುರೆಯೇ ಯಾಕೆ, ಜೀಪಿನಲ್ಲಿ ಹೋಗಬಾರದಾ ಅಂತ ಗೆಳೆಯರು ಕೇಳುತ್ತಾರೆ. ಒಳ್ಳೆಯ ಎಲ್ಕ್ ಕಾಡುಗಳಲ್ಲಿ ಎಷ್ಟೋ ವಿಲ್ಡರ್ನೆಸ್ ಏರಿಯಾಗಳು, ಅಂದರೆ ಕಾನೂನಿನ ರಕ್ಷಣೆ ಇರುವ ಕಾಡುಪ್ರದೇಶಗಳು. 1964ರ ವಿಲ್ಡರ್ನೆಸ್ ಕಾಯ್ದೆ ಪ್ರಕಾರ ಅಲ್ಲಿಗೆ ಮೋಟಾರು ಗಾಡಿ ಬಿಡಿ, ಸೈಕಲ್ ಕೂಡ ಹೋಗುವಂತಿಲ್ಲ. ಕಾಲ್ನಡಿಗೆ ಅಥವಾ ಪ್ರಾಣಿಯ ಬೆನ್ನು, ಎರಡೇ ದಾರಿ. ಗಂಡು ಎಲ್ಕ್ ಒಂದು 700 ಪೌಂಡ್ ತೂಗುತ್ತದೆ. ಅದನ್ನು ಹೊಡೆದ ಮೇಲೆ ಮಾಂಸ ಹೊರಗೆ ತರುವುದಕ್ಕಾದರೂ ಪ್ರಾಣಿ ಬೇಕೇ ಬೇಕು.

ಹೋಲಿಕೆಗೆ ಮೊದಲು ಒಂದು ಲೆಕ್ಕ. ಕುದುರೆ ತನ್ನ ತೂಕದ ನೂರಕ್ಕೆ 20ರಷ್ಟು ಹೊರಬಹುದು ಅನ್ನುವುದು ಕುದುರೆಯವರ ಹಳೆಯ ನಿಯಮ. 2008ರಲ್ಲಿ ಓಹಾಯೊ ಸ್ಟೇಟ್ ಯೂನಿವರ್ಸಿಟಿಯವರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಭಾರ ನೂರಕ್ಕೆ 25, 30 ಆದಾಗ ಕುದುರೆಗಳ ಎದೆಬಡಿತ ಏರಿತು, ಸ್ನಾಯುಗಳಲ್ಲಿ ನೋವು ಕಾಣಿಸಿತು. ಸೊಂಟ ಅಗಲವಾಗಿದ್ದು ಕಾಲಿನ ಮೂಳೆ ದಪ್ಪಗಿದ್ದ ಕುದುರೆಗಳಿಗೆ ತೊಂದರೆ ಕಡಿಮೆ ಆಯಿತು. ಈ ಇಪ್ಪತ್ತರಲ್ಲಿ ಜೀನು, ಕೋವಿ, ನೀರು, ಜಾಕೆಟ್ ಎಲ್ಲ ಸೇರುತ್ತವೆ. ನನ್ನ 270ಕ್ಕೆ ಜೀನಿನ 40, ಸ್ಕೋಪ್ ಸಮೇತ ರೈಫಲ್ಲಿನ 9, ಉಳಿದ ಬಟ್ಟೆ ಬುತ್ತಿ 20 ಸೇರಿಸಿದರೆ ಹತ್ತಿರ ಹತ್ತಿರ 340 ಪೌಂಡ್. ಅದಕ್ಕೆ ಬೇಕಾದ್ದು 1,700 ಪೌಂಡಿನ ಕುದುರೆ. ಔಟ್‌ಫಿಟರ್‌ಗಳ ಹತ್ತಿರ ಸಾಮಾನ್ಯವಾಗಿ ಇರುವ ಕ್ವಾರ್ಟರ್ ಹಾರ್ಸ್ ತೂಗುವುದು 1,000ದಿಂದ 1,200. ನನ್ನಂಥವರಿಗೆ ಸರಿಯಾದ ಪ್ರಾಣಿ ಸಿಗುವುದು ಯಾಕೆ ಕಷ್ಟ ಅಂತ ಈಗ ಗೊತ್ತಾಯಿತು, ಅಲ್ವಾ?

ಮೊದಲು ಕೊಲೊರಾಡೊದ ಡ್ರಾಪ್ ಕ್ಯಾಂಪ್. ಜಾಗ ಫ್ಲ್ಯಾಟ್ ಟಾಪ್ಸ್, ಹತ್ತು ಸಾವಿರ ಅಡಿಗೂ ಮೇಲೆ. ದೇಶದ ಅತಿ ದೊಡ್ಡ ಎಲ್ಕ್ ಹಿಂಡುಗಳಲ್ಲಿ ಒಂದು ಇರುವುದು ಆ ಸೀಮೆಯಲ್ಲೇ. ಡ್ರಾಪ್ ಕ್ಯಾಂಪ್ ಅಂದರೆ ಔಟ್‌ಫಿಟರ್ ನಿಮ್ಮನ್ನೂ ಸಾಮಾನನ್ನೂ ಕುದುರೆ ಮೇಲೆ ಟೆಂಟಿನವರೆಗೆ ಬಿಟ್ಟು ಹೋಗುತ್ತಾನೆ. ಬೇಟೆ ನಿಮ್ಮದೇ ಜವಾಬ್ದಾರಿ, ಮುಗಿದ ಮೇಲೆ ಬಂದು ಕರೆದುಕೊಂಡು ಹೋಗುತ್ತಾನೆ. ಗೈಡ್ ಜೊತೆಗಿನ ಬೇಟೆಯ ಅರ್ಧದಷ್ಟು ಖರ್ಚೂ ಆಗಲಿಲ್ಲ. ಫೋನಿನಲ್ಲಿ ನನ್ನ ತೂಕ ಹೇಳಿದಾಗ ಏನೂ ತೊಂದರೆ ಇಲ್ಲ ಅಂದಿದ್ದರು. ಅಲ್ಲಿ ಹೋಗಿ ನೋಡಿದರೆ ಕೊಟ್ಟಿದ್ದು ಮಾಮೂಲಿ ಕ್ವಾರ್ಟರ್ ಹಾರ್ಸ್, ಮೇಲೆ 16 ಇಂಚಿನ ಜೀನು. ಆ ಜೀನಿನಲ್ಲಿ ನನ್ನ ಭಾರವೆಲ್ಲ ಹಿಂದಿನ ಅಂಚಿಗೆ, ಅಂದರೆ ಕುದುರೆಯ ಸೊಂಟದ ಮೇಲೆ ಬೀಳುತ್ತಿತ್ತು.

ಕ್ಯಾಂಪ್ ತಲುಪಿ ಜೀನು ಇಳಿಸಿದಾಗ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆನ್ನೆಲ್ಲ ಬೆವರಿನಿಂದ ಒದ್ದೆ, ಕೂದಲು ಚರ್ಮಕ್ಕೆ ಅಂಟಿತ್ತು. ಆದರೆ ಬೆನ್ನೆಲುಬಿನ ಎರಡೂ ಪಕ್ಕ, ಜೀನಿನ ಹಿಂಭಾಗ ಕೂರುವ ಕಡೆ, ಅಂಗೈ ಅಗಲದ ಎರಡು ಒಣ ಜಾಗ. ಸುತ್ತ ಎಲ್ಲ ಬೆವತು ಒಂದು ಕಡೆ ಮಾತ್ರ ಒಣಗಿದ್ದರೆ ಅಲ್ಲಿ ಜೀನು ಬಲವಾಗಿ ಒತ್ತಿದೆ ಅಂತ ಅರ್ಥ. ಬೆರಳಿನಿಂದ ಮೆಲ್ಲಗೆ ಒತ್ತಿದೆ, ಕುದುರೆ ಬೆನ್ನು ಕುಗ್ಗಿಸಿತು. ವಾಪಸ್ ಬರುವಾಗ ನಾನು ಅದರ ಮೇಲೆ ಕೂರಲಿಲ್ಲ, ನಡೆದೇ ಬಂದೆ. ಕಾಡು ಚೆನ್ನಾಗಿತ್ತು, ಎಲ್ಕ್ ಕೂಗು ರಾತ್ರಿಯೆಲ್ಲ ಕೇಳಿಸುತ್ತಿತ್ತು. ಆದರೂ ಅವರ ಹತ್ತಿರ ಇನ್ನೊಮ್ಮೆ ಹೋಗುವುದಿಲ್ಲ.

ಮೊಂಟಾನಾದ ಬಾಬ್ ಮಾರ್ಷಲ್ ವಿಲ್ಡರ್ನೆಸ್‌ಗೆ ಹೋದದ್ದು ಪೂರ್ತಿ ಗೈಡ್ ವ್ಯವಸ್ಥೆಯಲ್ಲಿ. ಅದರ ಕೆಲವು ಭಾಗಗಳಲ್ಲಿ ರೈಫಲ್ ಸೀಸನ್ ಸೆಪ್ಟೆಂಬರ್ 15ಕ್ಕೇ ಶುರುವಾಗುತ್ತದೆ. ಗಂಡು ಎಲ್ಕ್‌ಗಳು ಕೂಗುವ ಕಾಲದಲ್ಲೇ ರೈಫಲ್ ಹಿಡಿದು ಹೋಗಬಹುದು ಅನ್ನುವುದೇ ದೊಡ್ಡ ಆಕರ್ಷಣೆ. ಅಲ್ಲಿನ ಔಟ್‌ಫಿಟರ್ ಫೋನಿನಲ್ಲಿ ಬೇಟೆಯ ಮಾತು ಎತ್ತುವ ಮೊದಲೇ ನನ್ನ ಎತ್ತರ, ಬೂಟು ಹಾಕಿಕೊಂಡಾಗಿನ ತೂಕ, ಕಾಲಿನ ಉದ್ದ, ಮಂಡಿ ಹೇಗಿದೆ, ಎಲ್ಲ ಕೇಳಿದರು. ನನಗೆ ಸಮಾಧಾನ ಆಗಿದ್ದೇ ಅಲ್ಲಿ. ಹೊರಡುವ ದಿನ ಎಲ್ಲರನ್ನೂ ತಕ್ಕಡಿ ಮೇಲೆ ನಿಲ್ಲಿಸಿದರು. ಮುಜುಗರಕ್ಕೆ ಕಾರಣವೇ ಇರಲಿಲ್ಲ, ಯಾಕೆಂದರೆ ಅಲ್ಲಿ ಎಲ್ಲವನ್ನೂ ತೂಗುತ್ತಾರೆ. ಸಾಮಾನು ಹೊರುವ ಪ್ರಾಣಿಯ ಎಡಬಲದ ಚೀಲಗಳು ಸಮ ತೂಕ ಇರದಿದ್ದರೆ ಹೊರೆ ವಾಲಿ ಬೆನ್ನು ತರಚಿಹೋಗುತ್ತದೆ.

ನನಗೆ ಸಿಕ್ಕಿದ್ದು ಪೆರ್ಷೆರಾನ್ (ಗಾಡಿ ಎಳೆಯುವ ಭಾರದ ತಳಿ) ಮತ್ತು ಕ್ವಾರ್ಟರ್ ಹಾರ್ಸ್ ಮಿಶ್ರ ತಳಿಯ ಕುದುರೆ, ಸುಮಾರು 1,500 ಪೌಂಡ್. ಅಗಲ ಬೆನ್ನಿಗೆ ಅಂತಲೇ ಮಾಡಿದ ಜೀನು, ಕೂರುವ ಜಾಗ 18 ಇಂಚು. ಇದು ಮುಖ್ಯ. ದೊಡ್ಡ ಕುದುರೆ ಕೊಟ್ಟು ಅದರ ಮೇಲೆ ಮಾಮೂಲಿ ಜೀನು ಹಾಕಿದರೆ ಹೆಗಲ ಹತ್ತಿರ ಹಿಂಡುತ್ತದೆ. ನನ್ನ ರೈಫಲ್ಲನ್ನೂ ಬುತ್ತಿ ಚೀಲವನ್ನೂ ದಾರಿ ಪೂರ್ತಿ ಬೇರೆ ಪ್ರಾಣಿಗೆ ಹೊರಿಸಿದರು. ಜೀನೂ 30 ಪೌಂಡಿನ ಹಗುರದ್ದು. ಇಷ್ಟಾದರೆ 340 ಇದ್ದದ್ದು 315ಕ್ಕೆ ಇಳಿಯಿತು, ನೂರಕ್ಕೆ 21ರ ಹತ್ತಿರ ಬಂತು. ಸಂಜೆ ಜೀನು ಇಳಿಸಿದಾಗ ನಾನೇ ಹೋಗಿ ಬೆನ್ನು ನೋಡಿದೆ. ಒಂದೇ ಸಮನೆ ಒದ್ದೆ, ಒಣ ಜಾಗ ಎಲ್ಲೂ ಇಲ್ಲ.

ಕೊರತೆ ಇಲ್ಲದಿಲ್ಲ. ಆ ಕುದುರೆಯ ಹೆಗಲೇ ನೆಲದಿಂದ ಐದೂವರೆ ಅಡಿ. ನಡುದಾರಿಯಲ್ಲಿ ಇಳಿದರೆ ಮತ್ತೆ ಹತ್ತಲು ಬಿದ್ದ ಮರದ ಬೊಡ್ಡೆಯನ್ನೋ ದಿಬ್ಬವನ್ನೋ ಹುಡುಕಬೇಕು. ಮರಗಳ ಕೊಂಬೆಗಳೂ ಮುಖಕ್ಕೆ ಬಡಿಯುತ್ತವೆ. ಬೆನ್ನು ಬಹಳ ಅಗಲವಾದ್ದರಿಂದ ಕಾಲು ಅಗಲಿಸಿ ಕೂತು ಕೂತು ತೊಡೆಸಂದು ಹಿಡಿದುಕೊಳ್ಳುತ್ತದೆ. ನದಿ ಬದಿಯ ಸಪಾಟು ದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಾಣಿ ಸಿಗಲಿಕ್ಕಿಲ್ಲ. ಕಡಿದಾದ ಇಳಿಜಾರಿನಲ್ಲಿ ಮಾತ್ರ ಅದರ ಹೆಜ್ಜೆ ಧಡಧಡ ಅನ್ನುತ್ತದೆ.

ವಯೋಮಿಂಗ್‌ನ ಟೀಟನ್ ವಿಲ್ಡರ್ನೆಸ್‌ನಲ್ಲಿ ಸಿಕ್ಕಿದ್ದು ಹೇಸರಗತ್ತೆ. ಇಲ್ಲಿ ಹೊರರಾಜ್ಯದವರು ವಿಲ್ಡರ್ನೆಸ್ ಒಳಗೆ ದೊಡ್ಡ ಪ್ರಾಣಿಗಳ ಬೇಟೆ ಆಡಬೇಕಾದರೆ ಲೈಸೆನ್ಸ್ ಇರುವ ಗೈಡ್ ಅಥವಾ ಆ ರಾಜ್ಯದವರೊಬ್ಬರು ಜೊತೆಗಿರಲೇಬೇಕು ಅಂತ ಕಾನೂನು. ಹಾಗಾಗಿ ಡ್ರಾಪ್ ಕ್ಯಾಂಪಿನ ಅಗ್ಗದ ದಾರಿ ನನಗಿರಲಿಲ್ಲ. ನನ್ನ ಪಾಲಿಗೆ ಬಂದ ಹೇಸರಗತ್ತೆಯ ತಾಯಿ ಗಾಡಿ ಎಳೆಯುವ ಭಾರದ ತಳಿಯ ಕುದುರೆ, ತಂದೆ ದೊಡ್ಡ ಜಾತಿಯ ಕತ್ತೆ. ತೂಕ 1,400ರ ಹತ್ತಿರ. ಲೆಕ್ಕದ ಪ್ರಕಾರ ಮೊಂಟಾನಾದ ಕುದುರೆಗಿಂತ ಸ್ವಲ್ಪ ಕಮ್ಮಿಯೇ. ಆದರೆ ಗುಡ್ಡದಲ್ಲಿ ಅದು ನಡೆದ ರೀತಿ ನೋಡಿ ನನ್ನ ಅಭಿಪ್ರಾಯವೇ ಬದಲಾಯಿತು. ಸಡಿಲ ಕಲ್ಲಿನ ಜಾಗ ಬಂದರೆ ನಿಲ್ಲುತ್ತದೆ, ತಲೆ ತಗ್ಗಿಸಿ ನೋಡುತ್ತದೆ, ಆಮೇಲೆ ಒಂದೊಂದೇ ಕಾಲು ಇಡುತ್ತದೆ. ಅವಸರ ಮಾಡಿದರೂ ಕೇಳುವುದಿಲ್ಲ. ಬೆನ್ನು ಅಷ್ಟು ಅಗಲ ಇಲ್ಲದ್ದರಿಂದ ಸಂಜೆ ಇಳಿದಾಗ ನೆಟ್ಟಗೆ ನಡೆಯುವ ಹಾಗಿತ್ತು.

ಭಾರದವರು ಹೇಸರಗತ್ತೆ ಹತ್ತುವಾಗ ಒಂದು ಎಚ್ಚರ ಬೇಕು. ಅದರ ಹೆಗಲು ಉಬ್ಬಿರುವುದಿಲ್ಲ, ಬೆನ್ನು ದುಂಡಗೆ. ನೆಲದಿಂದ ರಿಕಾಪಿಗೆ ಕಾಲಿಟ್ಟು ಎದ್ದರೆ ಜೀನು ನಿಮ್ಮ ಕಡೆಗೇ ಜಾರಿಬರುತ್ತದೆ. ಅದಕ್ಕೇ ಆ ಗೈಡ್ ನನ್ನನ್ನು ಯಾವಾಗಲೂ ದಾರಿಯ ಮೇಲ್ಬದಿಯಿಂದ ಹತ್ತಿಸುತ್ತಿದ್ದರು, ತಾವು ಆ ಕಡೆಯ ರಿಕಾಪನ್ನು ಹಿಡಿದು ಜಗ್ಗಿ ನಿಲ್ಲುತ್ತಿದ್ದರು. ಇಳಿಜಾರಿನಲ್ಲಿ ಜೀನು ಮುಂದಕ್ಕೆ ಜಾರದ ಹಾಗೆ ಹಿಂದೊಡೆಗೆ ಸುತ್ತಿದ ಪಟ್ಟಿ ಇದ್ದೇ ಇತ್ತು. ತೀರಾ ಕಡಿದಾದ ಕಡೆ ತೂಕ ಎಷ್ಟೇ ಇರಲಿ, ಎಲ್ಲರೂ ಇಳಿದು ನಡೆಯಬೇಕು. "ಹೊರೆ ಚೀಲ 150 ಪೌಂಡಿಗಿಂತ ಜಾಸ್ತಿ ಹಾಕಲ್ಲ ನಾನು. ಅದು ಸತ್ತ ಭಾರ. ನೀವು ಜೀವ ಇರೋ ಭಾರ, ಹಾಗೇ ಕೂತ್ಕೊಳ್ಳಿ" ಅಂದರು ಅವರು. ಸುಸ್ತಾಗಿ ಒಂದು ಕಡೆ ಜೋತು ಕೂತರೆ ಪ್ರಾಣಿಗೆ ನಾವೂ ಚೀಲವೇ.

ಟೂ ಓಷನ್ ಪಾಸ್ ಹತ್ತಿರ ಒಂದೇ ತೊರೆ ಎರಡಾಗಿ ಒಡೆದು ಒಂದು ಪೆಸಿಫಿಕ್ ಕಡೆಗೂ ಇನ್ನೊಂದು ಅಟ್ಲಾಂಟಿಕ್ ಕಡೆಗೂ ಹರಿಯುತ್ತದೆ. ತಲಕಾವೇರಿ ಸೀಮೆಯವನಾದ ನನಗೆ ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ. ಗ್ರಿಜ್ಲಿ ಕರಡಿಗಳಿರುವ ಕಾಡು ಅದು. ಕರಡಿ ಸ್ಪ್ರೇ ಸೊಂಟದಲ್ಲೇ ಇರಬೇಕು.

ಸವಾರಿಯೇ ಬೇಡ, ಲಾಮಾ (ಒಂಟೆಯ ಬಳಗದ, ಸಾಮಾನು ಹೊರುವ ಪ್ರಾಣಿ) ಬಾಡಿಗೆಗೆ ತೆಗೆದುಕೊಂಡು ನಾನು ನಡೆಯುತ್ತೇನೆ ಅನ್ನುವ ದಾರಿಯೂ ಇದೆ. ಕೊಲೊರಾಡೊದಲ್ಲಿ ಮಾಡಿ ನೋಡಿದ್ದೇನೆ. ಸಾಮಾನು ಚೆನ್ನಾಗಿ ಹೊರುತ್ತವೆ. ಆದರೆ ಹತ್ತು ಸಾವಿರ ಅಡಿಯಲ್ಲಿ ಈ ಮೈ ಹೊತ್ತು ನಡೆಯಲು ಮಂಡಿ ಗಟ್ಟಿ ಇರಬೇಕು.

ಮೂರರಲ್ಲಿ ನಾನು ಮತ್ತೆ ಹೋಗುವುದು ಹೇಸರಗತ್ತೆಯವರ ಹತ್ತಿರ. ಸವಾರಿ ಹೊಸದಾದರೆ, ಪ್ರಾಣಿ ಅಂದರೆ ಸ್ವಲ್ಪ ಭಯ ಇದ್ದರೆ, ಮೊಂಟಾನಾದ ಆ ದೊಡ್ಡ ಕುದುರೆಯೇ ಒಳ್ಳೆಯದು. ಅದರ ಶಾಂತ ಸ್ವಭಾವ ಧೈರ್ಯ ಕೊಡುತ್ತದೆ. ತೂಕ 300 ದಾಟಿದವರಿಗೂ ನಾನು ಅದನ್ನೇ ಹೇಳುತ್ತೇನೆ, ಅದೂ 1,700 ಪೌಂಡಿನ ಕುದುರೆ ಇದ್ದರೆ ಮಾತ್ರ.

ಫೋನ್ ಮಾಡಿದಾಗ "ನಿಮ್ಮ ಮಿತಿ ಎಷ್ಟು" ಅಂತ ಸುಮ್ನೆ ಕೇಳಿ ಬಿಡಬೇಡಿ. ನನಗೆ ಕೊಡುವ ಪ್ರಾಣಿ ಯಾವುದು, ಅದರ ತೂಕ ಎಷ್ಟು, ಈ ಸೀಸನ್ನಿನಲ್ಲಿ ಅದು ಎಷ್ಟು ಭಾರದವರನ್ನು ಹೊತ್ತಿದೆ, ಜೀನು ಎಷ್ಟು ಇಂಚು, ಜೀನು ಹಾಕಿದ ಅದರ ಫೋಟೊ ಕಳಿಸುತ್ತೀರಾ, ಹೀಗೆ ಕೇಳಿ. ನಿಮ್ಮ ತೂಕವನ್ನು ಹತ್ತು ಪೌಂಡ್ ಕೂಡ ಕಮ್ಮಿ ಹೇಳಬೇಡಿ. ಅವರಿಗೆ ರಾಜ್ಯದ ಲೈಸೆನ್ಸ್ ಇದೆಯಾ ಅಂತ ಆ ರಾಜ್ಯದ ಔಟ್‌ಫಿಟರ್ ಬೋರ್ಡಿನಲ್ಲಿ ನೋಡಿಕೊಳ್ಳಿ. ಕೊಲೊರಾಡೊದಲ್ಲಾದರೆ ರಿಜಿಸ್ಟ್ರೇಷನ್ ನೋಡಿ. ಹೊರರಾಜ್ಯದವರು ವಯೋಮಿಂಗ್ ಎಲ್ಕ್ ಟ್ಯಾಗಿಗೆ (ಒಂದು ಎಲ್ಕ್ ಹೊಡೆಯುವ ಪರವಾನಗಿ) ಫೆಬ್ರವರಿ ಶುರುವಿನೊಳಗೇ ಅರ್ಜಿ ಹಾಕಬೇಕು, ಮೊಂಟಾನಾಕ್ಕೆ ಏಪ್ರಿಲ್ 1ರೊಳಗೆ. ಅಷ್ಟರಲ್ಲಿ ಔಟ್‌ಫಿಟರ್ ಯಾರು ಅಂತ ತೀರ್ಮಾನ ಆಗಿರಬೇಕು. ಮುಂಗಡ ಕಟ್ಟುವ ಮೊದಲು ನಿಮಗೆ ಕೊಡುವ ಪ್ರಾಣಿಯ ಹೆಸರನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಅಂಥ ದೊಡ್ಡ ಪ್ರಾಣಿಗಳು ಒಬ್ಬೊಬ್ಬರ ಹತ್ತಿರ ಎರಡೋ ಮೂರೋ ಇರುತ್ತವೆ, ಮೊದಲು ಕೇಳಿದವರಿಗೆ ಸಿಗುತ್ತವೆ.