ಬೆನ್ನು ತೋರಿಸಲು ಹೋದರೆ ಸಕ್ಕರೆಯನ್ನೂ ವಿಚಾರಿಸುವ ಚಿಕಿತ್ಸಾಲಯ
ಹಲವು ವರ್ಷಗಳಿಂದ ಮಧುಮೇಹವಿರುವ ನಮ್ಮ ತಂದೆಯವರಿಗೆ ಬೆಳಗಿನ ಹೊತ್ತು ಬೆನ್ನು ಬಿಗಿದು ಬಗ್ಗಲಾಗದಿದ್ದಾಗ, ವಿಜಯಪುರದ ಮೂಳೆ ಚಿಕಿತ್ಸಾಲಯವೊಂದಕ್ಕೆ ಕರೆದೊಯ್ದೆ. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎದೆಭಾಗದ ಐದು ಬೆನ್ನುಮೂಳೆಯ ಮಣಿಗಳ ಬಲಬದಿಯಲ್ಲಿ ಬೆಲ್ಲದ ಪಾಕ ಸುರಿದು ಗಟ್ಟಿಯಾದಂತೆ ಬೆಳೆದಿದ್ದ ಮೂಳೆಯನ್ನು ಬೆರಳಿಟ್ಟು ತೋರಿಸಿದರು. ಇದು 1950ರಲ್ಲಿ ಫೋರೆಸ್ಟಿಯರ್ ಮತ್ತು ರೋಟೆಸ್-ಕೆರೊಲ್ ಎಂಬ ವೈದ್ಯರು ವಿವರಿಸಿದ, ಈಗ ‘ಡಿಶ್’ (ಡಿಫ್ಯೂಸ್ ಇಡಿಯೋಪಥಿಕ್ ಸ್ಕೆಲಿಟಲ್ ಹೈಪರೋಸ್ಟೋಸಿಸ್, ಅಂದರೆ ಕಾರಣ ತಿಳಿಯದೆ ಹೆಚ್ಚುವರಿ ಮೂಳೆ ಬೆಳೆಯುವುದು) ಎನ್ನುವ ತೊಂದರೆಯೆಂದೂ, ಎಡಬದಿಯಲ್ಲಿ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿ ಮಿಡಿಯುವುದರಿಂದ ಅಲ್ಲಿ ಈ ಬೆಳವಣಿಗೆ ಕಡಿಮೆಯೆಂದೂ ತಿಳಿಸಿದರು. ಬೊಜ್ಜು ಮತ್ತು ಎರಡನೆಯ ಬಗೆಯ ಮಧುಮೇಹ ಉಳ್ಳವರಲ್ಲಿ ಇದು ಹೆಚ್ಚು. ರಕ್ತದಲ್ಲಿ ಏರಿದ ಇನ್ಸುಲಿನ್ ಮೂಳೆ ಕಟ್ಟುವ ಕೋಶಗಳನ್ನು ಪ್ರಚೋದಿಸುತ್ತದೆ ಎಂಬುದು ಒಂದು ವಿವರಣೆಯಷ್ಟೇ, ಇನ್ನೂ ಸಾಬೀತಾಗಿಲ್ಲ ಎಂದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಬೆಳೆದ ಮೂಳೆಯನ್ನು ಕರಗಿಸುವ ಮಾತ್ರೆಯಿಲ್ಲವೆಂದು ಹೇಳಿ, ವ್ಯಾಯಾಮ ಮತ್ತು ಸಕ್ಕರೆಯ ಹತೋಟಿಗೆ ಒತ್ತು ಕೊಟ್ಟರು. ಆದರೆ ಚೀಟಿ ಪಡೆದ ಮೇಲೆ ಬೆನ್ನುನೋವಿನವರನ್ನು ಒರಗಲು ಆಸರೆಯಿಲ್ಲದ ಸ್ಟೂಲಿನ ಮೇಲೆ ಎರಡು ತಾಸು ಕೂರಿಸಿದ್ದು ಮಾತ್ರ ಸರಿಯೆನಿಸಲಿಲ್ಲ.